ಇಂಟರ್ನೆಟ್ ಇದ್ದರೂ ಕಚೇರಿಯ ಶೇರ್ಡ್ ಫೋಲ್ಡರ್ ತೆರೆಯುವುದಿಲ್ಲ ಏಕೆ?

ಹೊಸ ಕಂಪ್ಯೂಟರ್‌ನಲ್ಲಿ ಕಚೇರಿಯ ಶೇರ್ಡ್ ಫೋಲ್ಡರ್ ತೆರೆಯದಿದ್ದರೆ ಹಲವರು ಕೇಬಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆದರೆ ಅದೇ ಕೇಬಲ್‌ನಲ್ಲಿ ಇಂಟರ್ನೆಟ್ ಬರುತ್ತಿದ್ದರೆ ಕಾರಣ ಬೇರೆಯೇ ಇರುತ್ತದೆ.

ಮೊದಲು ಸರ್ವರ್ ಹೆಸರಿನ ಬದಲು ಅದರ ಐಪಿ ವಿಳಾಸ ಟೈಪ್ ಮಾಡಿ ನೋಡಿ. ಫೋಲ್ಡರ್ ತೆರೆದರೆ, ಹೆಸರನ್ನು ವಿಳಾಸವಾಗಿ ಬದಲಿಸುವ ವ್ಯವಸ್ಥೆಯಲ್ಲಿ ತೊಂದರೆಯಿದೆ ಎಂದರ್ಥ.

‘ಎಸ್‌ಎಂಬಿ1 ಬೇಕು’ ಎಂಬ ಸಂದೇಶ ಬಂದರೆ ಎಚ್ಚರ. ಇದು ಫೈಲ್ ಹಂಚಿಕೆಯ ಹಳೆಯ ವಿಧಾನ. ಇದರಲ್ಲಿದ್ದ ದೋಷದ ಮೂಲಕವೇ 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹರಡಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಅದೇ ವರ್ಷದಿಂದ ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಇದನ್ನು ಕೈಬಿಡತೊಡಗಿತು.

‘ಎಸ್‌ಎಂಬಿ1 ಆನ್ ಮಾಡಿದರೆ ಸಾಕು’ ಎಂಬ ಸಲಹೆ ಅಪಾಯಕಾರಿ. ಫೋಲ್ಡರ್ ತೆರೆದೀತು, ಜೊತೆಗೆ ದಾಳಿಗೂ ದಾರಿಯಾಗುತ್ತದೆ. ಹಳೆಯ ಸರ್ವರನ್ನು ಅಪ್‌ಡೇಟ್ ಮಾಡಿಸುವುದು ಅಥವಾ ಬದಲಿಸುವುದೇ ಸರಿಯಾದ ಪರಿಹಾರ.