ಬಿಳಿ ಬ್ರೆಡ್ಡಿನ ಡಿವಿಷನ್

ಸೈನ್ಯಕ್ಕೆ ಆಳುಗಳನ್ನು ಆರಿಸುವಾಗ ಎತ್ತರ, ಎದೆಯ ಅಳತೆ, ಕಣ್ಣಿನ ದೃಷ್ಟಿ ನೋಡುವುದು ವಾಡಿಕೆ. ಹೊಟ್ಟೆನೋವನ್ನೇ ಅರ್ಹತೆಯೆಂದು ಪರಿಗಣಿಸಿ ಸೇನಾ ವಿಭಾಗವೊಂದನ್ನು ಕಟ್ಟಿದ ಉದಾಹರಣೆಯೂ ಇತಿಹಾಸದಲ್ಲಿದೆ. ಅದೇ ಜರ್ಮನಿಯ 70ನೆಯ ಪದಾತಿ ಡಿವಿಷನ್. 1944ರಲ್ಲಿ ಹುಟ್ಟಿ, ಅದೇ ವರ್ಷ ನವೆಂಬರ್‌ನಲ್ಲಿ ಅದು ಇಲ್ಲವಾಯಿತು.

ಎರಡನೆಯ ಮಹಾಯುದ್ಧ ಆರಂಭವಾಗಿ ಆಗ ಐದು ವರ್ಷವಾಗುತ್ತ ಬಂದಿತ್ತು. ರಷ್ಯಾದ ರಣರಂಗ ಜರ್ಮನಿಯ ಯುವಕರನ್ನು ನುಂಗಿಹಾಕಿತ್ತು. ಹೊಟ್ಟೆಹುಣ್ಣಿನವರನ್ನೂ ಬಿಡುವ ಸ್ಥಿತಿ ಇರಲಿಲ್ಲ. ಆದರೆ ಸೈನ್ಯದ ಒರಟು ಕಪ್ಪು ಬ್ರೆಡ್ಡು ಅವರಿಗೆ ಅರಗದು. ಹತ್ತಾರು ದಳಗಳಲ್ಲಿ ಚದುರಿದವರಿಗೆಲ್ಲ ಬೇರೆ ಅಡುಗೆ ಮಾಡುವುದು ಹೇಗೆ? ಒಂದೆಡೆ ಸೇರಿಸಿದರೆ ಎಲ್ಲರಿಗೂ ಒಂದೇ ಪಥ್ಯ ಸಾಕು. ಹೀಗೆ ಕೂಡಿಸಿದವರಿಗೆ ಬಿಳಿ ಬ್ರೆಡ್ಡು, ಹಾಲು, ಮೊಟ್ಟೆ, ತರಕಾರಿ ಸಿಗುತ್ತಿದ್ದವು. ‘ಬಿಳಿ ಬ್ರೆಡ್ಡಿನ ಡಿವಿಷನ್’ ಎಂಬ ಅಡ್ಡಹೆಸರು ಬಂದದ್ದು ಹಾಗೆ.

ಅವರನ್ನು ನೇಮಿಸಿದ್ದು ಹಾಲೆಂಡಿನ ವಾಲ್ಖೆರನ್ ದ್ವೀಪಕ್ಕೆ. ಕಾವಲು ಕೆಲಸ, ಹೆಚ್ಚು ಶ್ರಮವಿಲ್ಲ ಎಂಬುದು ಲೆಕ್ಕಾಚಾರ. ಆ ಲೆಕ್ಕ ಬೇಗನೆ ತಪ್ಪಿತು. 1944ರ ಸೆಪ್ಟೆಂಬರ್ 4ರಂದು ಬ್ರಿಟಿಷರು ಬೆಲ್ಜಿಯಮ್ಮಿನ ಆಂಟ್ವರ್ಪ್ ಬಂದರನ್ನು ಹೆಚ್ಚು ಹಾನಿಯಿಲ್ಲದೆ ಹಿಡಿದರು. ಆದರೆ ಬಂದರಿಗೆ ಹಡಗು ಬರಬೇಕಾದರೆ ಶೆಲ್ಟ್ ನದಿಯ ಅಳಿವೆಯಲ್ಲಿ ಸುಮಾರು 80 ಕಿಲೋಮೀಟರ್ ಸಾಗಬೇಕು. ಅಳಿವೆಯ ಬಾಯಿ ಕಾಯುವ ದ್ವೀಪವೇ ವಾಲ್ಖೆರನ್. ರೋಗಿಗಳ ಪಡೆ ಇದ್ದಕ್ಕಿದ್ದಂತೆ ಯುದ್ಧದ ಅತ್ಯಂತ ಆಯಕಟ್ಟಿನ ಜಾಗದಲ್ಲಿ ನಿಂತಿತ್ತು.

ದ್ವೀಪದ ಬಹುಭಾಗ ಉಬ್ಬರದ ಮಟ್ಟಕ್ಕಿಂತ ತಗ್ಗು; ಅದನ್ನು ಉಳಿಸಿದ್ದು ಕಡಲ ಏರಿ. ಅಕ್ಟೋಬರ್ 3ರಂದು ಬ್ರಿಟಿಷ್ ವಿಮಾನಗಳು ವೆಸ್ಟ್‌ಕಪೆಲ್ಲೆ ಗ್ರಾಮದ ಬಳಿ ಆ ಏರಿಯನ್ನು ಒಡೆದವು. ಬಾಂಬಿಗೂ ನೀರಿಗೂ ಸಿಕ್ಕಿ ಸತ್ತ ಗ್ರಾಮಸ್ಥರು ನೂರೈವತ್ತಕ್ಕೂ ಹೆಚ್ಚು. ಗಾಳಿಗಿರಣಿಯೊಂದರಲ್ಲಿ ಆಶ್ರಯ ಪಡೆದಿದ್ದ ಹಲವರು ಹೊರಬರಲಾರದೆ ಮುಳುಗಿದರು. ಬಿಡುಗಡೆ ಮಾಡಲು ಬಂದವರ ಕೈಯಲ್ಲೇ ಅವರಿಗೆ ಸಾವು ಬಂತು.

ನವೆಂಬರ್ 1ರಂದು ಮಿತ್ರಪಡೆಗಳು ಸಮುದ್ರದಿಂದ ಇಳಿದವು. ಅವರ ನೌಕೆಗಳಿಗೆ ಭಾರಿ ಪೆಟ್ಟು ಕೊಟ್ಟದ್ದು ಜರ್ಮನ್ ನೌಕಾಪಡೆಯ ಕಾಂಕ್ರೀಟ್ ಗೂಡುಗಳ ಫಿರಂಗಿಗಳು. ಹಾಗೆಂದು ಪಥ್ಯದ ಸೈನಿಕರೇನೂ ಸುಮ್ಮನೆ ಕೈಯೆತ್ತಲಿಲ್ಲ. ಗುಂಡಿಗೆ ಹಾರಿಸುವವನ ಹೊಟ್ಟೆನೋವು ತಿಳಿಯದು. ಅಳಿವೆಗಾಗಿ ನಡೆದ ಒಟ್ಟು ಕದನದಲ್ಲಿ ಮಿತ್ರಪಡೆಗಳ 12 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಅವರಲ್ಲಿ ಸುಮಾರು ಅರ್ಧ ಕೆನಡಾದವರು.

ನವೆಂಬರ್ 6ರಂದು ನೀರಿನಲ್ಲೂ ಚಲಿಸುವ ವಾಹನಗಳಲ್ಲಿ ಬ್ರಿಟಿಷ್ ತುಕಡಿಯೊಂದು ಮಿಡಲ್‌ಬರ್ಗ್ ಪಟ್ಟಣ ತಲುಪಿತು. ಡಿವಿಷನ್ನಿನ ದಳಪತಿ ವಿಲ್ಹೆಲ್ಮ್ ಡಾಸರ್, ಕೇವಲ ಮೇಜರ್ ಒಬ್ಬನಿಗೆ ಶರಣಾಗಲು ಒಪ್ಪಲಿಲ್ಲ. ಆ ಮೇಜರ್ ಹೆಗಲಿಗೆ ಎರವಲು ಪದವಿಚಿಹ್ನೆ ಸಿಕ್ಕಿಸಿಕೊಂಡು ಮೇಲಧಿಕಾರಿಯಾದ, ಡಾಸರ್ ಶರಣಾದ.

ನವೆಂಬರ್ 28ರಂದು ಮೊದಲ ಹಡಗುಗಳ ಸಾಲು ಆಂಟ್ವರ್ಪ್ ಸೇರಿತು. ಬಿಳಿ ಬ್ರೆಡ್ಡಿನ ಹೆಸರಿಗೆ ಇಂದು ನಗಬಹುದು. ಆದರೆ ಆ ಬ್ರೆಡ್ಡು ಕರುಣೆಯಿಂದ ಕೊಟ್ಟದ್ದಲ್ಲ. ರೋಗಿಯನ್ನು ಗುಣಪಡಿಸಿ ಮನೆಗೆ ಕಳಿಸಬೇಕಾದ ದೇಶ, ಬಂದೂಕು ಹಿಡಿಯುವಷ್ಟು ಕಾಲ ಅವನು ನಿಂತಿರಲೆಂದು ಕೊಟ್ಟ ಊಟ ಅದು.