ಪ್ಯಾಲ್

ಗೆಳೆಯ, ಜೊತೆಗಾರ ಎಂಬ ಅರ್ಥದಲ್ಲಿ ಇಂಗ್ಲಿಷರು ಸಲುಗೆಯಿಂದ ಆಡುವ ಪದ. ಪೆನ್‌ಪ್ಯಾಲ್, ಪೇಪ್ಯಾಲ್ ಎಂಬ ಹೆಸರುಗಳಿಂದ ಕನ್ನಡಿಗರಿಗೂ ಪರಿಚಿತ. ಇದು ರೋಮಾನಿ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು. ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ಸಂಸ್ಕೃತದ ‘ಭ್ರಾತೃ’.

ರೋಮಾನಿ ಯುರೋಪಿನ ರೋಮಾ ಜನರ ನುಡಿ. ಇವರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಭಾರತ ಬಿಟ್ಟು ಪರ್ಷಿಯಾ, ಆರ್ಮೇನಿಯಾ, ಬೈಜಾಂಟಿಯಂಗಳನ್ನು ಹಾದು ಪಶ್ಚಿಮಕ್ಕೆ ಹೋದರು. ಹೋದ ದಾರಿಯ ಗುರುತು ಅವರ ಎಣಿಕೆಯಲ್ಲೇ ಉಳಿದಿದೆ: ಎರಡು, ಮೂರು, ಐದಕ್ಕೆ ‘ದುಯ್’, ‘ತ್ರಿನ್’, ‘ಪಂಜ್’, ಏಳು, ಎಂಟು, ಒಂಬತ್ತಕ್ಕೆ ಮಾತ್ರ ಗ್ರೀಕರಿಂದ ಪಡೆದ ‘ಎಫ್ತಾ’, ‘ಓಖ್ತೊ’, ‘ಎನ್ಯಾ’.

‘ಭ್ರಾತೃ’ ಹೇಗೆ ‘ಪ್ಯಾಲ್’ ಆಯಿತು? ಎರಡು ಧ್ವನಿನಿಯಮಗಳು ಸಾಕು. ಪದದ ಮೊದಲಲ್ಲಿ ಬರುವ ಘ, ಧ, ಭಗಳು ರೋಮಾನಿಯಲ್ಲಿ ಖ, ಥ, ಫಗಳಾಗುತ್ತವೆ: ಭೂಮಿ ‘ಫುವ್’, ಧೂಮ ‘ಥುವ್’, ಭಗಿನಿ ‘ಫೆನ್’. ಸ್ವರಗಳ ನಡುವಿನ ತಕಾರ ಲಕಾರವಾಗುತ್ತದೆ. ಎರಡೂ ಒಟ್ಟಿಗೆ ಬಂದಾಗ ಘೃತ ‘ಖಿಲ್’ ಆಯಿತು, ಭ್ರಾತಾ ‘ಫ್ರಾಲ್’ ಆಯಿತು. ಬ್ರಿಟನ್ನಿನ ರೋಮಾಗಳ ಬಾಯಲ್ಲಿ ಇದು ‘ಪ್ರಾಲ್’. ರಕಾರ ಬಿದ್ದುಹೋಗಿ ‘ಪಾಲ್’. ಕಿವಿಗೆ ಇಂಪಾದ ಊಹೆಗೂ ವ್ಯುತ್ಪತ್ತಿಗೂ ಇರುವ ಅಂತರ ಇಂಥ ನಿಯಮಬದ್ಧತೆಯಲ್ಲಿದೆ.

ರೋಮಾಗಳು 16ನೆಯ ಶತಮಾನದ ಆರಂಭದ ಹೊತ್ತಿಗೆ ಬ್ರಿಟನ್ನಿನಲ್ಲಿದ್ದರು. ಅವರನ್ನು ಈಜಿಪ್ಟಿನವರೆಂದು ತಪ್ಪಾಗಿ ತಿಳಿದದ್ದರಿಂದಲೇ ‘ಜಿಪ್ಸಿ’ ಎಂಬ ಹೆಸರು ಹುಟ್ಟಿತು. 1530ರ ಕಾನೂನು ಅವರನ್ನು ಹೊರಹಾಕಲು ಹೊರಟಿತು. 1554ರದ್ದು, ದೇಶ ಬಿಡದವರಿಗೆ ಮರಣದಂಡನೆ ಎಂದಿತು. ಜನ ಬೇಡವಾದರೂ ಅವರ ಮಾತು ಊರವರ ನಾಲಗೆಗೆ ಹತ್ತಿತು. ಇಂಗ್ಲಿಷಿನಲ್ಲಿ ‘ಪ್ಯಾಲ್’ನ ಮೊದಲ ದಾಖಲೆ 1680ರ ದಶಕದ ಆರಂಭದ್ದು, ಹೆರಿಫರ್ಡಿನ ಚರ್ಚ್ ಕಡತಗಳ ಒಂದು ಸಾಕ್ಷಿಹೇಳಿಕೆಯಲ್ಲಿದೆ. ಮುಂದೆ ಬಹುಕಾಲ ಅದಕ್ಕೆ ಕಳ್ಳರ ಗುಪ್ತಭಾಷೆಯ ಪದವೆಂಬ ಹಣೆಪಟ್ಟಿ ಅಂಟಿತ್ತು.

ರೋಮಾನಿ ಭಾರತೀಯ ಭಾಷೆಯೆಂಬುದನ್ನು ಜರ್ಮನಿಯ ಹಾಲೆಯ ವಿದ್ವಾಂಸ ಯೋಹಾನ್ ರ‍್ಯೂಡಿಗರ್ 1782ರಲ್ಲಿ ಪ್ರಕಟಿಸಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದ ವಿಲಿಯಂ ಜೋನ್ಸನ ಪ್ರಸಿದ್ಧ ಭಾಷಣಕ್ಕಿಂತ ನಾಲ್ಕು ವರ್ಷ ಮೊದಲು. ಒಬ್ಬ ರೋಮಾ ಹೆಂಗಸಿನಿಂದ ವಾಕ್ಯಗಳನ್ನು ಹೇಳಿಸಿಕೊಂಡು, ಮದರಾಸಿನಲ್ಲಿದ್ದ ಪಾದ್ರಿ ಬೆಂಜಮಿನ್ ಶುಲ್ಟ್ಸೆಯ ಹಿಂದೂಸ್ತಾನಿ ವ್ಯಾಕರಣದೊಡನೆ ಅವನು ಹೋಲಿಸಿ ನೋಡಿದ್ದ. ಕೀರ್ತಿಯ ಹೆಚ್ಚಿನ ಪಾಲು ಮರುವರ್ಷ ಪುಸ್ತಕ ಬರೆದ ಗ್ರೆಲ್ಮನ್‌ಗೆ ಹೋದದ್ದು ನ್ಯಾಯವಲ್ಲ.

ಇಂಗ್ಲಿಷಿನ ‘ಬ್ರದರ್’, ಲ್ಯಾಟಿನ್ನಿನ ‘ಫ್ರಾತೆರ್’, ಪಾರಸಿಯ ‘ಬರಾದರ್’ ಕೂಡ ‘ಭ್ರಾತೃ’ ಹುಟ್ಟಿದ ಬೇರಿನವೇ. ಹಾಗಾಗಿ ‘ಬ್ರದರ್’ ಮತ್ತು ‘ಪ್ಯಾಲ್’ ಒಂದೇ ಪದದ ಎರಡು ರೂಪಗಳು: ಮೊದಲನೆಯದು ಇಂಗ್ಲಿಷಿಗೆ ಪಿತ್ರಾರ್ಜಿತ, ಎರಡನೆಯದು ಎರವಲು. ಇದೇ ದಾರಿಯಲ್ಲಿ ಬಂದ ಇನ್ನೊಂದು ಪದ ‘ಚಾವ್’. ಒರಟು ಯುವಕರನ್ನು ಹೀಯಾಳಿಸುವ ಈ ಪದವನ್ನು 2004ರಲ್ಲಿ ಆಕ್ಸ್‌ಫರ್ಡ್ ಪ್ರಕಾಶನವು ವರ್ಷದ ಪದವೆಂದು ಆರಿಸಿತು. ಅದರ ಮೂಲವೆಂದು ನಿಘಂಟುಗಳು ಹೆಚ್ಚಾಗಿ ತೋರಿಸುವ ರೋಮಾನಿ ಪದಕ್ಕೆ ಹುಡುಗ ಎಂದಷ್ಟೇ ಅರ್ಥ.