ಶ್ವಾನವ್ಯಾಧಿಯ ಪೂರ್ವಕಥೆ

ಆರೆಂಟು ವಾರಗಳ ಮರಿನಾಯಿಗೆ ಇಂದು ಹಾಕಿಸುವ ಮೊದಲ ಲಸಿಕೆಯ ಹಿಂದೆ ಎಷ್ಟು ದೀರ್ಘವಾದ ಪರಿಶ್ರಮವಿದೆಯೆಂಬುದು ಅದನ್ನು ಮಡಿಲಲ್ಲಿಟ್ಟುಕೊಂಡು ವೈದ್ಯರಲ್ಲಿಗೆ ಒಯ್ಯುವವರಿಗೆ ಬಹುಶಃ ತಿಳಿದಿರಲಾರದು. ಕಣ್ಣುಮೂಗುಗಳಿಂದ ಕೀವು ಸುರಿದು, ಕೆಮ್ಮುಭೇದಿಗಳಿಂದ ಬಳಲಿ, ಕಡೆಗೆ ಸೆಳವಿಗೆ ಸಿಕ್ಕಿ ನಾಯಿಗಳು ಪ್ರಾಣ ಬಿಡುತ್ತಿದ್ದ ಡಿಸ್ಟೆಂಪರ್ ಎಂಬ ಆ ವ್ಯಾಧಿಯನ್ನು, ಸಿಡುಬಿನ ಲಸಿಕೆಗೆ ಕಾರಣಪುರುಷನಾದ ಎಡ್ವರ್ಡ್ ಜೆನ್ನರನೇ 1809ರಲ್ಲಿ ವರ್ಣಿಸಿದ್ದನಾದರೂ, ಅದರ ಮೂಲವು ಅತಿಸೂಕ್ಷ್ಮವಾದ ವೈರಸ್ಸೆಂದು ಫ್ರಾನ್ಸಿನ ಆಂರಿ ಕಾರೆ 1905ರಲ್ಲಿ ತೋರಿಸಿಕೊಟ್ಟ ಮೇಲೆಯೂ ಬಹುಕಾಲ ಅನೇಕರು ಒಪ್ಪಲಿಲ್ಲ. ಅಲ್ಲಿಯವರೆಗೆ ಒಡೆಯನ ಕೈಯಲ್ಲಿದ್ದುದು ಬೆಚ್ಚನೆಯ ಹಾಸು, ಶುದ್ಧಜಲ, ಲಘ್ವಾಹಾರಗಳ ಶುಶ್ರೂಷೆಯೊಂದೇ.

ಬಳಿಕ ಇಂಗ್ಲೆಂಡಿನಲ್ಲಿ ನಡೆದುದು ನನಗೆ ಅತ್ಯಂತ ಹೃದ್ಯವಾದ ಸಂಗತಿ. ‘ದಿ ಫೀಲ್ಡ್’ ಎಂಬ ಪತ್ರಿಕೆಯು 1920ರ ದಶಕದಲ್ಲಿ ಇದಕ್ಕೆಂದೇ ನಿಧಿಯೊಂದನ್ನು ತೆರೆಯಲು, ಶ್ವಾನಪ್ರಿಯರು ಉದಾರವಾಗಿ ದ್ರವ್ಯವನ್ನಿತ್ತರು. ಆ ದ್ರವ್ಯದ ಬಲದಿಂದ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಲೈಡ್ಲಾ ಮತ್ತು ಡಂಕಿನ್ ಎಂಬೀರ್ವರು, ನೋಟಕ್ಕೆ ಮುಂಗುಸಿಯನ್ನು ನೆನಪಿಗೆ ತರುವ ಫೆರೆಟ್ ಎಂಬ ಪ್ರಾಣಿಗೂ ಈ ರೋಗವನ್ನು ತಗುಲಿಸಬಹುದೆಂಬ ಅಂಶವನ್ನೇ ಆಧಾರವಾಗಿಟ್ಟುಕೊಂಡು, 1928ರ ಹೊತ್ತಿಗೆ ಲಸಿಕೆಯನ್ನು ಸಿದ್ಧಪಡಿಸಿದರು. ಲೈಡ್ಲಾ ಮತ್ತು ಅವನ ಸಹೋದ್ಯೋಗಿಗಳಿಬ್ಬರು 1933ರಲ್ಲಿ ಮನುಷ್ಯರ ಇನ್‌ಫ್ಲುಯೆಂಜಾದ ವೈರಸ್ಸನ್ನು ಕಂಡುಹಿಡಿದುದೂ ಅದೇ ಫೆರೆಟ್ಟಿನ ಸಹಾಯದಿಂದಲೇ.